ಹೊಸ ಬುದ್ಧಿ ಹಾಕಿಸದ ಪೆಟ್ಟಿಗೆ

ಪುಷ್ಯ ಮಾಸದ ಮಂಜು ಬೇಗ ಬಿಡುವುದಿಲ್ಲ. ಒಂಬತ್ತು ಗಂಟೆಯಾದರೂ ಹಿಪ್ಪುನೇರಳೆ ತೋಟದಲ್ಲಿ ಎಲೆಯ ಬೆನ್ನಿಗೆ ನೀರು ಅಂಟಿಕೊಂಡೇ ಇರುತ್ತದೆ. ಹಸಿ ಸೊಪ್ಪು ರೇಷ್ಮೆ ಹುಳಕ್ಕೆ ಆಗಿಬರುವುದಿಲ್ಲ. ಅದಕ್ಕೇ ನಾನೂ ನನ್ನ ಮಗಳು ವೇಣಿಯೂ ಬೆಳಿಗ್ಗೆ ಕೊಯ್ದು ತಂದ ಸೊಪ್ಪನ್ನು ಜಗಲಿಯ ಮೇಲೆ ಗೋಣಿ ಹಾಸಿ ತೆಳ್ಳಗೆ ಹರವಿ, ಆಗಾಗ ಕೈಯಾಡಿಸುತ್ತ ಆರಿಸುತ್ತಿದ್ದೆವು. ಒಳಗೆ ಹುಳು ನಾಲ್ಕನೇ ಜ್ವರ ಎದ್ದು ಎರಡು ದಿನವಾಗಿತ್ತು. ಜ್ವರ ಎಂದರೆ ಕಾಯಿಲೆಯಲ್ಲ. ಪೊರೆ ಬಿಡುವ ಮುಂಚೆ ಹುಳು ಮೇವು ಬಿಟ್ಟು, ತಲೆಯೆತ್ತಿ, ಅಲ್ಲಾಡದೆ ಕೂರುತ್ತದಲ್ಲ, ಅದಕ್ಕೆ ನಮ್ಮಲ್ಲಿ ಹಾಗೆನ್ನುತ್ತಾರೆ. ನಾಲ್ಕನೆಯದು ಎದ್ದ ಮೇಲೆ ಅದರ ಹಸಿವಿಗೆ ಲಂಗುಲಗಾಮಿಲ್ಲ. ತಟ್ಟೆ ತಟ್ಟೆಯಲ್ಲೂ ಸೊಪ್ಪು ಕರಗುತ್ತಿರುತ್ತದೆ, ಹುಳದ ಕೋಣೆಯಲ್ಲಿ ಹೊತ್ತುಗೊತ್ತಿಲ್ಲದೆ ಮಳೆ ಸುರಿಯುವ ಸದ್ದು.

ಆ ಸದ್ದಿನ ನಡುವೆ ಹಜಾರದಲ್ಲಿ ಒಂದು ಮಗು ಕೆಮ್ಮಿತು. ವೇಣಿ ಗೋಣಿಯ ಮೇಲಿನ ಒಂದು ಎಲೆ ತೆಗೆದು ಹಲ್ಲಿನ ನಡುವೆ ಕಚ್ಚಿಕೊಂಡಳು. ನಾನೂ ಕಚ್ಚಿಕೊಂಡೆ. ಒಳಗೆ ಕೆಮ್ಮಿದ್ದು ಅವಳೇ, ಐದು ವರ್ಷದವಳಿದ್ದಾಗಿನವಳು.

ನಮ್ಮೂರಲ್ಲಿ ಮನೆಯೊಳಗೆ ಆಡಿದ ಮಾತು ಹನ್ನೆರಡು ವರ್ಷಕ್ಕೆ, ಅದೇ ತಿಥಿಗೆ, ಅದೇ ಹೊತ್ತಿಗೆ ತಿರುಗಿ ಬರುತ್ತದೆ. ನಮ್ಮ ಅಜ್ಜಂದಿರ ಕಾಲದಲ್ಲಿ ಒಲೆಯ ಹೊಗೆಗೂಡಿನಲ್ಲಿ ಬರುತ್ತಿತ್ತಂತೆ. ಆಮೇಲೆ ರೇಡಿಯೊದಲ್ಲಿ ಬಂತು. ಈಗ ಹೋಮ್ ಥಿಯೇಟರಿನ ಪೆಟ್ಟಿಗೆಯಲ್ಲಿ ಬರುತ್ತದೆ. ರೇಷ್ಮೆ ಗೂಡಿಗೆ ಒಳ್ಳೆಯ ಬೆಲೆ ಸಿಕ್ಕಿದ ಒಂದು ವರ್ಷ ಪಟ್ಟಣದ ವ್ಯಾಪಾರಿಯೊಬ್ಬ ಲಾರಿ ತುಂಬ ಈ ಪೆಟ್ಟಿಗೆಗಳನ್ನು ತಂದು ಮನೆಮನೆಗೂ ಮಾರಿಹೋದ. ಎದುರಿಗೆ ಒಂದು ರಿಸೀವರು, ಅದರಿಂದ ತಂತಿ ಹೊರಟು ಹಜಾರದ ಸುತ್ತ ಐದು ಸಣ್ಣ ಸ್ಪೀಕರು, ನೆಲದ ಮೇಲೆ ಗುಡುಗುವ ಒಂದು ದಪ್ಪ ಡಬ್ಬ. ಹೊಸ ಪೆಟ್ಟಿಗೆ ಮನೆಯಲ್ಲಿ ಹನ್ನೆರಡು ವರ್ಷ ಕಳೆಯುವವರೆಗೆ ಬರೀ ಸಿನಿಮಾ ಹಾಡು ಹಾಡುತ್ತದೆ. ಆಮೇಲೆ ಬಾಯಿ ಬಿಡುತ್ತದೆ. ಯಾರು ಎಲ್ಲಿ ಕೂತು ಆಡಿದ್ದರೋ ಅವರ ಮಾತು ಆ ಮೂಲೆಯ ಸ್ಪೀಕರಿನಿಂದಲೇ ಬರುತ್ತದೆ. ತಂತಿ ಕಿತ್ತರೂ ಬರುತ್ತದೆ. ಪೆಟ್ಟಿಗೆಯನ್ನೇ ಬಾವಿಗೆ ಎಸೆದ ಮನೆಯವರು ಇದ್ದಾರೆ, ಆ ಬಾವಿಗೆ ಈಗ ಯಾರೂ ನೀರಿಗೆ ಹೋಗುವುದಿಲ್ಲ.

ಇದಕ್ಕೆ ನಾವೆಲ್ಲ ಒಗ್ಗಿಕೊಂಡೇ ಬೆಳೆದವರು. ಜಗಳವಾಡಬೇಕಾದರೆ ಗಂಡ ಹೆಂಡತಿ ಊರಾಚೆಯ ಹೊಂಗೆ ಮರದವರೆಗೂ ಬಾಯಿ ಮುಚ್ಚಿಕೊಂಡು ನಡೆದುಹೋಗಿ, ಅಲ್ಲಿ ಆಡಿಕೊಂಡು ಬರುತ್ತಾರೆ. ಹೆಣ್ಣು ನೋಡಲು ಬಂದವರು ಕಾಫಿ ಬೇಡವೆಂದರೂ, ಆ ಮನೆಯ ಹಳೆಯ ಮಾತು ಏನು ಬರುತ್ತದೋ ಎಂದು ಹಜಾರದಲ್ಲಿ ಒಂದು ಗಂಟೆ ಸುಮ್ಮನೆ ಕೂತೇ ಏಳುವುದು. ಒಂದೇ ಕಟ್ಟುಪಾಡು. ತಿರುಗಿ ಬಂದ ಮಾತಿಗೆ ಮರುಮಾತು ಆಡಬಾರದು. ಕೆರೆಯಂಚಿನ ದೊಡ್ಡಪಿಳ್ಳಪ್ಪ ಒಂದು ಸಲ ತೀರಿಹೋದ ತಮ್ಮನ ಕೂಗಿಗೆ ‘ಓ’ ಎಂದುಬಿಟ್ಟ. ಮಾರನೇ ದಿನದಿಂದ ಪೆಟ್ಟಿಗೆಯ ಮುಂದೆ ಕೂತವನು ಹೊಲಕ್ಕೂ ಹೋಗಲಿಲ್ಲ, ಊಟಕ್ಕೂ ಏಳಲಿಲ್ಲ. ಇನ್ನೇನು ಹೇಳ್ತಾನೋ, ಇನ್ನೇನು ಕೇಳ್ತಾನೋ ಎನ್ನುತ್ತಲೇ ಒಣಗಿ ಹೋದ. ಅದಕ್ಕೇ ದನಿ ಬಂದ ಕೂಡಲೇ ನಾಲಗೆ ಹೊರಳದ ಹಾಗೆ ಹಲ್ಲಿನ ನಡುವೆ ಒಂದು ಎಲೆ ಕಚ್ಚಿಕೊಳ್ಳುವುದು.

ಈಗ ಒಂದು ವರ್ಷದಿಂದ ಊರು ಮೆಲ್ಲಗೆ ಮೂಕವಾಗುತ್ತಿತ್ತು. ಪೆಟ್ಟಿಗೆ ಮಾಡಿದ ಕಂಪನಿಯವರು ಹಳೆಯ ಮಾದರಿಗೆ ಹೊಸ ಫರ್ಮ್‌ವೇರು ಬಿಟ್ಟಿದ್ದರು. ನಮ್ಮ ಕಡೆ ಅದಕ್ಕೆ ‘ಪೆಟ್ಟಿಗೆಗೆ ಹೊಸ ಬುದ್ಧಿ ಹಾಕಿಸೋದು’ ಎನ್ನುತ್ತಾರೆ. ಬಸ್ ನಿಲ್ದಾಣದ ಪಕ್ಕ ಟೀವಿ ರಿಪೇರಿ ಅಂಗಡಿ ಇಟ್ಟಿರುವ ಖಲಂದರ್ ಸಾಬರು ಪೆನ್‌ಡ್ರೈವಿನಲ್ಲಿ ಅದನ್ನು ತಂದು ಹಾಕಿಕೊಡುತ್ತಿದ್ದರು. ಹೊಸ ಬುದ್ಧಿ ಬಂದ ಪೆಟ್ಟಿಗೆ ಹೊಸ ಟೀವಿಗೆ ಹೊಂದುತ್ತದೆ, ರಿಮೋಟಿನ ಮಾತು ಕೇಳುತ್ತದೆ, ಹಾಡೆಂದರೆ ಹಾಡು ಹಾಡುತ್ತದೆ. ಹಳೆಯ ಮಾತು ಮಾತ್ರ ಬರುವುದಿಲ್ಲ. ಹೊಗೆಗೂಡಿನಲ್ಲೂ ಬರಲಿಲ್ಲ, ಇನ್ನೆಲ್ಲೂ ಬರಲಿಲ್ಲ. ಸಂಕ್ರಾಂತಿ ಹೊತ್ತಿಗೆ ಊರಲ್ಲಿ ಹಳೆಯ ಬುದ್ಧಿಯ ಪೆಟ್ಟಿಗೆ ಉಳಿದಿದ್ದು ನಾಲ್ಕು ಮನೆಯಲ್ಲಿ, ಅದರಲ್ಲಿ ನಮ್ಮದೊಂದು.

ಹಾಕಿಸಬೇಕೆಂದು ನಮ್ಮ ಯಜಮಾನರು ಆಂಜಿನಪ್ಪನವರು ದಸರೆಯಿಂದಲೇ ಹೇಳುತ್ತಿದ್ದರು. ಹೊಸ ಟೀವಿ ತಂದಿದ್ದೆವು, ಅದಕ್ಕೂ ಪೆಟ್ಟಿಗೆಗೂ ಕೂಡಿಬರುತ್ತಿರಲಿಲ್ಲ. ಚಿತ್ರ ಬರುತ್ತಿತ್ತು, ದನಿಯಿಲ್ಲ. ಆದರೆ ಅವರ ಅವಸರ ಟೀವಿಗಾಗಿ ಅಲ್ಲ ಎಂದು ನನಗೆ ಗೊತ್ತಿತ್ತು. ಪುಷ್ಯ ಬಹುಳ ತ್ರಯೋದಶಿಯ ಬೆಳಿಗ್ಗೆ ಅವರ ದನಿ ಆ ಪೆಟ್ಟಿಗೆಯಲ್ಲಿ ಬರಬೇಕಾಗಿತ್ತು. ನನ್ನದೂ.

ಹನ್ನೆರಡು ವರ್ಷದ ಹಿಂದೆ ಇದೇ ಚಳಿಯಲ್ಲಿ ನಮ್ಮ ಮನೆಯಲ್ಲಿ ಮರಿಹುಳು ಇದ್ದವು, ಎರಡನೇ ಜ್ವರದ ಹುಳು. ಅವಕ್ಕೆ ಶಾಖ ಬೇಕು. ಆಗ ಈಗಿನ ಹಾಗೆ ಕರೆಂಟಿನ ಹೀಟರು ಇರಲಿಲ್ಲ. ಬಾಣಲೆಯಲ್ಲಿ ಇದ್ದಿಲ ಕೆಂಡ ತುಂಬಿ ಹುಳದ ಕೋಣೆಯಲ್ಲಿಟ್ಟು, ಗಾಳಿಯಾಡದ ಹಾಗೆ ಕಿಟಕಿಗೆ ಗೋಣಿ ತುರುಕಿ, ಬಾಗಿಲು ಹಾಕುತ್ತಿದ್ದೆವು. ಊರಲ್ಲಿ ಎಲ್ಲರೂ ಹಾಗೇ. ಅಲ್ಲಿ ಬೆಚ್ಚಗಿರುತ್ತದೆಂದು ವೇಣಿಯನ್ನೂ ಅಲ್ಲೇ ಮಲಗಿಸುತ್ತಿದ್ದೆವು. ನಮ್ಮತ್ತೆ ಅಕ್ಕಯಮ್ಮನವರೇ ಮೊಮ್ಮಗಳಿಗೆ ಅಲ್ಲಿ ಚಾಪೆ ಹಾಸಿಕೊಟ್ಟವರು. ಅತ್ತೆ ನಲವತ್ತು ವರ್ಷ ಹುಳು ಸಾಕಿದವರು. ಎಲೆಯನ್ನು ಬೆರಳಲ್ಲಿ ಮುಟ್ಟಿದರೆ ಎಷ್ಟು ಹೊತ್ತಿನ ಹಿಂದೆ ಕೊಯ್ದಿದ್ದೆಂದು ಹೇಳುತ್ತಿದ್ದರು. ತ್ರಯೋದಶಿಗೆ ಎಂಟು ದಿನ ಮೊದಲು, ಪಂಚಮಿಯ ಮಧ್ಯಾಹ್ನ, ಅವರು ಹಜಾರದ ಹಿಂಬದಿಯ ಎಡಮೂಲೆಯಲ್ಲಿ, ತಮ್ಮ ಜಾಗದಲ್ಲಿ, ಮಣೆಯ ಮೇಲೆ ಸೊಪ್ಪು ಹೆಚ್ಚುತ್ತ ಕೂತಿದ್ದರು. ನಾನು ಹಿತ್ತಲಲ್ಲಿದ್ದೆ. ಯಾರೊಂದಿಗೋ ಮಾತಾಡುವುದು ಗೋಡೆಯಾಚೆ ತುಂಡು ತುಂಡಾಗಿ ಕೇಳಿಸಿತು. ‘ಯಾರದು?’ ಅಂದರು. ಸ್ವಲ್ಪ ಹೊತ್ತು ಬಿಟ್ಟು, ‘ಕೆಂಡದ ಬಾಣಲೇನಾ?’ ಅಂದರು. ಮತ್ತೆ ಸ್ವಲ್ಪ ಬಿಟ್ಟು, ‘ಬಾಗಿಲು ಹಾಕಿದ್ರೆ ಏನಾಯ್ತದೆ?’ ಅಂದರು. ಎದುರು ದನಿ ಮಾತ್ರ ಇಲ್ಲ. ವಯಸ್ಸಾಯಿತು, ಅರಳುಮರಳು ಎಂದುಕೊಂಡೆ.

ಅದೇ ದಿನ ಸಂಜೆಯೊಳಗೆ ಅತ್ತೆ ಆ ಕೆಂಡಕ್ಕೆ ನೀರು ಹುಯ್ದು, ಬಾಣಲೆಯನ್ನು ಹಿತ್ತಲಿಗೆ ಎಸೆದು, ಕಿಟಕಿಯ ಗೋಣಿ ಕಿತ್ತರು. ವೇಣಿಯನ್ನು ಹಜಾರಕ್ಕೆ ತಂದು ತಮ್ಮ ಮಗ್ಗುಲಲ್ಲಿ ಮಲಗಿಸಿಕೊಂಡರು. ಕಾರಣ ಕೇಳಿದರೆ ಹೇಳಲಿಲ್ಲ. ಮತ್ತೆ ಕೆಂಡ ಇಡಲು ಹೋದರೆ ಬಾಗಿಲಿಗೆ ಅಡ್ಡ ಕೂತರು. ತ್ರಯೋದಶಿಯ ಹೊತ್ತಿಗೆ ಶೀತ ಹೊಡೆದ ಹುಳುವೆಲ್ಲ ಸುಣ್ಣಕಟ್ಟು ಬಂದು ಬಳಪದ ಹಾಗೆ ಬಿಳಿಚಿ ಸೆಟೆದುಹೋದವು. ಒಂದು ತಟ್ಟೆಯೂ ಉಳಿಯಲಿಲ್ಲ. ಆ ಬೆಳಿಗ್ಗೆ ಹೊಂಗೆ ಮರದವರೆಗೆ ಹೋಗುವ ತಾಳ್ಮೆ ನಮ್ಮಿಬ್ಬರಿಗೂ ಇರಲಿಲ್ಲ. ಹಜಾರದಲ್ಲೇ ಅಂದೆವು. ಅವರು ಹೆತ್ತ ತಾಯಿಗೆ ಮನೆಹಾಳಿ ಎಂದರು. ನಾನು ಅದಕ್ಕಿಂತ ಕೆಟ್ಟದ್ದನ್ನು ಅಂದೆ. ಇನ್ನು ಮೇಲೆ ನಿಮ್ಮ ಕೈ ಸೊಪ್ಪಿಗೆ ಸೋಕಕೂಡದು ಎಂದೆ. ಅತ್ತೆ ಮರುಮಾತಾಡಲಿಲ್ಲ. ಮತ್ತೆ ಸೊಪ್ಪು ಮುಟ್ಟಲೂ ಇಲ್ಲ. ಆಷಾಢದಲ್ಲಿ ಹೋಗಿಬಿಟ್ಟರು. ಮೂರು ವರ್ಷವಾದ ಮೇಲೆ ರೇಷ್ಮೆ ಇಲಾಖೆಯವರು ಊರಿಗೆ ಬಂದು, ಮುಚ್ಚಿದ ಕೋಣೆಯಲ್ಲಿ ಇದ್ದಿಲ ಕೆಂಡ ಇಟ್ಟು ಮಲಗಿದರೆ ಮಲಗಿದವರು ಏಳುವುದಿಲ್ಲ, ಅದಕ್ಕೆ ಹೊಗೆ ಬೇಡ, ವಾಸನೆ ಬೇಡ ಎಂದು ಹೇಳಿಹೋದರು. ನಾನು ಆ ದಿನ ಊಟ ಮಾಡಲಿಲ್ಲ.

ಆದರೂ ಇನ್ನೊಂದು ವಿಷಯ ನನಗೆ ಹೊಳೆದದ್ದು ಈ ವರ್ಷ, ಸೊಪ್ಪು ಹೆಚ್ಚುತ್ತ ಕೂತಿದ್ದಾಗ. ಅತ್ತೆ ಆ ದಿನ ಯಾವುದೋ ಹಳೆಯ ದನಿಗೆ ಮರುಮಾತು ಆಡಿದರು ಎನ್ನೋಣವೆಂದರೆ ಆಗ ನಮ್ಮ ಪೆಟ್ಟಿಗೆಗೆ ನಾಲ್ಕೇ ವರ್ಷ. ಅದು ಇನ್ನೂ ಬಾಯಿ ಬಿಟ್ಟಿರಲಿಲ್ಲ. ರೇಡಿಯೊ ಕೊಟ್ಟುಬಿಟ್ಟಿದ್ದೆವು. ಮನೆಯಲ್ಲಿ ಹಳೆಯ ಮಾತು ಬರುವ ದಾರಿಯೇ ಇರಲಿಲ್ಲ. ಹಾಗಾದರೆ ಕೆಂಡದ ಬಾಣಲೆಯ ವಿಷಯ ಅತ್ತೆಗೆ ಹೇಳಿದ್ದು ಯಾರು? ಹಿಂದಿನಿಂದ ಯಾರೂ ಹೇಳಿಲ್ಲ ಎಂದರೆ ಮುಂದಿನಿಂದ ಯಾರೋ ಹೇಳಿರಬೇಕು. ಮುಂದು ಎಂದರೆ ಇದೇ. ಬರುವ ಪಂಚಮಿ.

ಯಜಮಾನರನ್ನು ಹೊಂಗೆ ಮರದಡಿಗೆ ಕರೆದುಕೊಂಡು ಹೋಗಿ ಹೇಳಿದೆ. ಅವರು ಬಹಳ ಹೊತ್ತು ಬೇರಿನ ಮೇಲೆ ಕೂತು ಮಣ್ಣು ಕೆದಕಿದರು. ಆಮೇಲೆ, ಖಲಂದರ್ ಸಾಬರು ಹೇಳಿದ್ದನ್ನು ಹೇಳಿದರು. ಪೆನ್‌ಡ್ರೈವಿನಲ್ಲಿರುವುದು ಕಂಪನಿಯಿಂದ ಒಂದು ಒಪ್ಪಿಗೆ ಕೇಳುತ್ತದಂತೆ. ನಮ್ಮಂಥ ಹಳೆಯ ಪೆಟ್ಟಿಗೆಗೆ ಆ ಒಪ್ಪಿಗೆ ಕೊಡುವುದನ್ನು ಈ ಇಂಗ್ಲಿಷ್ ತಿಂಗಳ ಕೊನೆಯ ದಿನ ಸಂಜೆಗೆ ನಿಲ್ಲಿಸಿಬಿಡುತ್ತಾರಂತೆ. ಕೊನೆಯ ದಿನ ಎಂದರೆ ಪಂಚಮಿಯೇ. ಆಮೇಲೆ ಬೇಕೆಂದರೂ ಇಲ್ಲ, ಪೆಟ್ಟಿಗೆ ಇರುವವರೆಗೂ ಹೀಗೇ.

“ನೀನು ಹೇಳ್ದಂಗೇ ಇಟ್ಕೋ. ಹೇಳೋರು ಹೇಳಿ ಆಗೈತೆ, ಅವ್ವ ಕೇಳಿ ಆಗೈತೆ. ವೇಣಿ ಅಲ್ಲಿ ಸೊಪ್ಪು ಕೊಯ್ತಾವಳೆ, ನೋಡು. ಇನ್ನು ನಾವು ಹೇಳ್ದಿದ್ರೆ ಏನಾಯ್ತದೆ?” ಎಂದರು.

“ಹೇಳ್ದಿದ್ರೆ ಏನಾಯ್ತದೆ ಅಂತ ನೋಡೋ ಧೈರ್ಯ ನಿಮಗೈತಾ?” ಎಂದೆ.

ಅವರು ತೋಟದ ಕಡೆ ನೋಡಿದರು. ಸಾಲುಗಳ ನಡುವೆ ವೇಣಿಯ ತಲೆಯ ಕೆಂಪು ವಸ್ತ್ರ ಕಾಣುತ್ತಿತ್ತು. ಅವಳು ಬಾಗಿ ಕೆಮ್ಮುತ್ತಿದ್ದಳು. ಆ ಕೆಮ್ಮು ಬಂದು ವಾರವಾಗಿತ್ತು. ಮೊದಲು ಪೆಟ್ಟಿಗೆಯೊಳಗಿನ ಮಗು ಬೆಳಿಗ್ಗೆ ಎದ್ದ ಕೂಡಲೇ ಕೆಮ್ಮುತ್ತಿತ್ತು, ತಲೆನೋವೆಂದು ಅಳುತ್ತಿತ್ತು. ಹನ್ನೆರಡು ವರ್ಷದ ಹಿಂದೆ ನಾವು ಅದಕ್ಕೆ ಗಮನ ಕೊಟ್ಟಿರಲಿಲ್ಲ, ಪೆಟ್ಟಿಗೆಯಲ್ಲಿ ಕೇಳಿದಾಗಲೇ ಗೊತ್ತಾಗಿದ್ದು. ಒಂದೆರಡು ದಿನವಾದ ಮೇಲೆ ವೇಣಿಗೂ ಅದೇ ಹೊತ್ತಿಗೆ ಕೆಮ್ಮು ಶುರುವಾಯಿತು. ಮಂಜಿಗೆ ಎಂದಳು. ನಾನೂ ಮಂಜಿಗೇ ಇರಬೇಕೆಂದು ಮೆಣಸಿನ ಕಷಾಯ ಕಾಯಿಸಿ ಕೊಡುತ್ತಿದ್ದೆ. ಆದರೆ ದಿನ ಹೋದ ಹಾಗೆ ಪೆಟ್ಟಿಗೆಯಲ್ಲಿ ಮಗುವಿನ ದನಿ ಸಣ್ಣದಾಗುತ್ತ ಬಂತು, ವೇಣಿಯೂ ನಾಲ್ಕು ಹೆಜ್ಜೆ ನಡೆದು ನಿಲ್ಲುತ್ತಿದ್ದಳು. ತಲೆಯ ಮೇಲೆ ಸೊಪ್ಪಿನ ಹೊರೆ ಇದ್ದರೆ ಗೋಡೆ ಹಿಡಿದುಕೊಳ್ಳುತ್ತಿದ್ದಳು. ಹೀಟರಿನ ಕೋಣೆಯಲ್ಲಿ ಹೊಗೆಯಿಲ್ಲ, ಕೆಂಡವಿಲ್ಲ. ಡಾಕ್ಟರು ಎದೆಗೆ ನಳಿಗೆ ಇಟ್ಟು ನೋಡಿ ಏನೂ ಇಲ್ಲವೆಂದರು.

ಯಜಮಾನರು ಎದ್ದು ಪಂಚೆ ಕೊಡವಿಕೊಂಡರು. ಪಂಚಮಿಯ ಮಧ್ಯಾಹ್ನ ಕಳೆಯಲಿ, ನೀನು ಹೇಳುವುದನ್ನು ಹೇಳು, ಆ ಕೂಡಲೇ ಖಲಂದರ್ ಸಾಬರು ಹೊಸ ಬುದ್ಧಿ ಹಾಕಿಬಿಡಲಿ, ಸಂಜೆಗೆ ಇನ್ನೂ ಹೊತ್ತಿರುತ್ತದೆ ಎಂದರು. ತ್ರಯೋದಶಿ ಬರುವಷ್ಟರಲ್ಲಿ ಪೆಟ್ಟಿಗೆ ಮೂಕವಾಗಿರಬೇಕು, ಅಷ್ಟೇ ಅವರಿಗೆ ಬೇಕಾಗಿದ್ದುದು. ನಾನು ಒಪ್ಪಿದೆ. ನನಗೂ ಆ ದಿನದ ನನ್ನ ದನಿ ಕೇಳುವ ಆಸೆಯೇನಿರಲಿಲ್ಲ. ಹೇಳಬೇಕಾದ್ದು ಹೇಳಿ, ಅದರ ಜೊತೆಗೇ ಅತ್ತೆಯ ಹತ್ತಿರ ತಪ್ಪಾಯಿತು ಎಂದು ಒಂದು ಮಾತು ಹೇಳಿ ಋಣ ತೀರಿಸಿಕೊಳ್ಳೋಣವೆಂದು ಮನಸ್ಸಿನಲ್ಲಿ ಲೆಕ್ಕ ಹಾಕಿದ್ದೆ.

ಪಂಚಮಿಯ ದಿನ ಖಲಂದರ್ ಸಾಬರು ಹನ್ನೆರಡಕ್ಕೇ ಬಂದರು. ಜಗಲಿಯ ಮೇಲೆ ಯಜಮಾನರ ಪಕ್ಕ ಕೂತು, ಅಂಗಿಯ ಜೇಬಿನಿಂದ ಪೆನ್‌ಡ್ರೈವು ತೆಗೆದು ಅಂಗೈಯಲ್ಲಿ ಹೊರಳಿಸುತ್ತ ವಿವರ ಹೇಳಿದರು. ಇಪ್ಪತ್ತೆರಡು ನಿಮಿಷ ಹಿಡಿಯುತ್ತದೆ, ನಡುವೆ ಕರೆಂಟು ಹೋದರೆ ಪೆಟ್ಟಿಗೆ ಮತ್ತೆ ಏಳುವುದಿಲ್ಲ, ನಾಲ್ಕು ಗಂಟೆಗೆ ಕರೆಂಟು ತೆಗೆಯುತ್ತಾರೆ, ಆದ್ದರಿಂದ ಮೂರೂವರೆಯೊಳಗೆ ಶುರು ಮಾಡಲೇಬೇಕು. ತಮ್ಮ ಮನೆಗೂ ಹಾಕಿಕೊಂಡಿರಾ ಎಂದು ನಾನು ಕೇಳಿದೆ.

“ಮೊದಲು ನಮ್ಮನೇಗೇ ಹಾಕ್ದೆ ಅಕ್ಕಾ, ಸರಿಯಾಗಿ ಕೂರ್ತದಾ ಅಂತ ನೋಡಕ್ಕೆ. ಕೂತ್ಕೊಂತು. ಆಮೇಲೆ ಜ್ಞಾಪಕ ಬಂತು, ನಮ್ಮ ಅಬ್ಬಾದು ಇನ್ನೂ ಎರಡು ವರ್ಷದ ಮಾತು ಬಾಕಿ ಇತ್ತು” ಎಂದು ನಕ್ಕರು. ನಕ್ಕವರು ಪೆನ್‌ಡ್ರೈವನ್ನು ಮತ್ತೆ ಜೇಬಿಗಿಟ್ಟುಕೊಂಡರು.

ವೇಣಿಯನ್ನು ತೋಟಕ್ಕೆ ಕಳಿಸಿದ್ದೆ. ಅವಳಿಗೆ ಏನನ್ನೂ ಹೇಳಿರಲಿಲ್ಲ. ಎರಡು ಗಂಟೆಗೆ ಹಜಾರಕ್ಕೆ ಬಂದು, ಮುಂಬಾಗಿಲೂ ಕಿಟಕಿಯೂ ಮುಚ್ಚಿ, ಹಿಂದಿನ ಎಡಮೂಲೆಯ ಸ್ಪೀಕರಿನ ಕೆಳಗೆ ಕೂತೆ. ರೂಢಿಯಂತೆ ಎಲೆ ಕಚ್ಚಿಕೊಂಡಿದ್ದೆ. ಪಕ್ಕದ ಕೋಣೆಯಲ್ಲಿ ಹುಳು ಮೇಯುವ ಸದ್ದು. ಎಷ್ಟೋ ಹೊತ್ತಾದ ಮೇಲೆ ಆ ಸದ್ದಿನೊಳಗಿಂದಲೇ ಇನ್ನೊಂದು ಸದ್ದು ಬೇರೆಯಾಯಿತು. ಕರಕ್, ಕರಕ್ ಎಂದು ಮಣೆಯ ಮೇಲೆ ಕತ್ತಿ ಆಡುತ್ತಿತ್ತು. ಅತ್ತೆಯ ಕೈ ಎಂದು ಯಾರೂ ಹೇಳಬೇಕಿರಲಿಲ್ಲ, ಅಷ್ಟು ಒಂದೇ ಸಮ. ಆಮೇಲೆ ಕತ್ತಿ ನಿಂತಿತು.

“ಯಾರದು?”

ನಾನು ಎಲೆ ಉಗುಳಿದೆ. ಹುಟ್ಟಿದಾಗಿನಿಂದ ಮಾಡದ ಕೆಲಸ. “ನಾನು, ಅತ್ತೆ, ಕೆಂಪಿ” ಎಂದೆ.

ಕತ್ತಿ ಮತ್ತೆ ಆಡತೊಡಗಿತು. ನಾನು ಅವಸರವಸರವಾಗಿ ಎಲ್ಲ ಹೇಳಿದೆ. ಒಳಗೆ ಕೆಂಡ ಐತೆ, ಮಗು ಮಲಗೈತೆ, ಈಗಲೇ ಎಬ್ಬಿಸಿ ಎಂದೆ. ಎರಡು ಸಲ ಹೇಳಿದೆ, ಮೂರು ಸಲ ಹೇಳಿದೆ. ಕತ್ತಿ ತನ್ನ ಪಾಡಿಗೆ ಆಡುತ್ತಲೇ ಇತ್ತು.

“ಗಾಳಿ ಇರಬೇಕು” ಎಂದು ಅತ್ತೆ ತಮ್ಮಷ್ಟಕ್ಕೆ ಅಂದುಕೊಂಡರು.

ಹನ್ನೆರಡು ವರ್ಷದ ಹಿಂದೆ ನಾನು ಹಿತ್ತಲಲ್ಲಿದ್ದುದು ನಿಜ, ತುಂಡು ಮಾತು ಕೇಳಿದ್ದೂ ನಿಜ. ಆದರೆ ಈಗ ಈ ಮೂಲೆಯಲ್ಲಿ ಕೂತು ನಾನು ಕಿರುಚಿದರೂ ಅದು ಅಲ್ಲಿಗೆ ಹೋಗುತ್ತಿಲ್ಲ. ಹೇಳಬೇಕಾದವಳು ನಾನಲ್ಲ. ಹಾಗಾದರೆ ಯಾರು? ಹೊತ್ತು ಕಳೆಯುತ್ತಿತ್ತು. ಒಳಗೆ ಮಗು ಮಲಗಿತ್ತು.

ಅಷ್ಟರಲ್ಲಿ ಹಿತ್ತಲ ಬಾಗಿಲು ಕಿರುಗುಟ್ಟಿತು. ವೇಣಿ ತಲೆಯ ಮೇಲೆ ಸೊಪ್ಪಿನ ಹೊರೆ ಹೊತ್ತು ಒಳಗೆ ಬಂದಳು. ದನಿ ಬಂದದ್ದು ಗೊತ್ತಾಗಿ ಹೊರೆಯಿಂದ ಒಂದೆಲೆ ಕಿತ್ತು ಕಚ್ಚಿಕೊಂಡಳು. ಹೊರೆ ಇಳಿಸಲು ಬಾಗಿದಾಗ ಕೆಮ್ಮು ಬಂತು. ತಡೆಯಲು ನೋಡಿದಳು, ಆಗಲಿಲ್ಲ.

ಮೂಲೆಯಲ್ಲಿ ಕತ್ತಿ ನಿಂತಿತು.

“ಕೆಮ್ಮೋಳು ಯಾರು?” ಎಂದರು ಅತ್ತೆ.

ವೇಣಿ ನನ್ನ ಮುಖ ನೋಡಿದಳು. ಎಲೆ ಹಲ್ಲಿನ ನಡುವೆಯೇ ಇತ್ತು. ಈ ಊರಲ್ಲಿ ಹುಟ್ಟಿದ ಮಗುವಿಗೆ ಅನ್ನ ತಿನ್ನಲು ಕಲಿಸುವ ಮೊದಲು ಎಲೆ ಕಚ್ಚಲು ಕಲಿಸುತ್ತೇವೆ. ನಾನೇ ಕಲಿಸಿದವಳು. ಈಗ ನಾನೇ ಅವಳ ಹತ್ತಿರ ಹೋಗಿ ಬೆರಳಿನಿಂದ ಆ ಎಲೆ ಎಳೆದು ತೆಗೆದೆ. “ಮಾತಾಡು, ಕೆಂಡ ಆಚೆ ಹಾಕಕ್ಕೆ ಹೇಳು” ಎಂದು ಕಿವಿಯಲ್ಲಿ ಹೇಳಿದೆ.

“ನಾನು, ಅಜ್ಜಿ” ಎಂದಳು.

“ನಾನು ಅಂದ್ರೆ?”

“ವೇಣಿ.”

ಪಕ್ಕದ ಕೋಣೆಯಲ್ಲಿ ಹುಳು ಕೂಡ ಮೇಯುವುದನ್ನು ನಿಲ್ಲಿಸಿದ ಹಾಗಿತ್ತು.

“ನಮ್ ವೇಣಿ ಒಳಗೆ ಮಲಗವಳೆ” ಎಂದಿತು ಆ ದನಿ. ಅದರಲ್ಲಿ ಅಂಜಿಕೆ ಇತ್ತು. ಅತ್ತೆ ಅಂಜಿದ್ದನ್ನು ನಾನು ಬದುಕಿನಲ್ಲಿ ಕೇಳಿದ್ದು ಅದೊಂದೇ ಸಲ.

“ಅವಳನ್ನ ಎಬ್ಬಿಸಜ್ಜಿ. ಬಾಣಲೆ ಆಚೆ ಹಾಕು.”

“ಕೆಂಡದ ಬಾಣಲೇನಾ? ಹುಳು ಸತ್ತೋಯ್ತವಲ್ಲೇ.”

“ಹೋಗ್ಲಿ.”

“ಬಾಗಿಲು ಹಾಕಿದ್ರೆ ಏನಾಯ್ತದೆ?”

ವೇಣಿ ನನ್ನನ್ನು ನೋಡಿದಳು. ಇಲಾಖೆಯವರು ಹೇಳಿದ್ದು ಅವಳಿಗೂ ಗೊತ್ತಿತ್ತು, ಶಾಲೆಯಲ್ಲೂ ಹೇಳಿದ್ದರು. ಆದರೆ ತಾನು ಯಾರ ವಿಷಯ ಹೇಳುತ್ತಿದ್ದೇನೆಂದು ಅವಳಿಗೆ ಆಗ ತಿಳಿಯಿತು. ಗೋಡೆ ಹಿಡಿದುಕೊಂಡಳು. “ಬೆಳಿಗ್ಗೆ ನಾನು ಏಳಲ್ಲ ಅಜ್ಜಿ” ಎಂದಳು.

ಕತ್ತಿಯನ್ನು ಪಕ್ಕಕ್ಕೆ ಸರಿಸಿದ ಸದ್ದಾಯಿತು. ಸೀರೆಯ ಸರಬರ ಕೇಳಿತು. ಎದ್ದು ಹೋದರೆಂದುಕೊಂಡ ಮೇಲೆ ಮತ್ತೆ ದನಿ ಬಂತು, ಈಗ ಸ್ಪೀಕರಿನ ಬಾಯಿಗೆ ಬಾಯಿಟ್ಟು ಆಡಿದಷ್ಟು ಹತ್ತಿರ.

“ಎಷ್ಟು ದೊಡ್ಡೋಳಾಗಿದೀಯೇ?”

“ಹದಿನೇಳು.”

ಅತ್ತೆ ನಕ್ಕರು. ಆಮೇಲೆ ಕೇಳಿದರು, “ನಿಮ್ಮಮ್ಮ ಅಲ್ಲೇ ಅವಳಾ?”

“ಇಲ್ಲೇ ಅವಳೆ ಅಜ್ಜಿ. ನಿನ್ ಹತ್ರ ಏನೋ ಹೇಳ್ಬೇಕಂತೆ.” ನಾನು ಹೇಳಿಕೊಟ್ಟ ಮಾತಲ್ಲ ಅದು. ನನ್ನ ಮುಖ ನೋಡಿ ಅವಳೇ ಹೇಳಿದಳು.

ನನ್ನ ಮಾತು ಅತ್ತೆಗೆ ಕೇಳಿಸುವುದಿಲ್ಲ, ಅವಳ ಬಾಯಲ್ಲಾದರೂ ಹೇಳಿಸೋಣವೆಂದು ನಾನು ವೇಣಿಯ ಭುಜ ಹಿಡಿದೆ. ತಪ್ಪಾಯಿತು ಎನ್ನಬೇಕಾಗಿತ್ತು. ಇನ್ನು ಎಂಟು ದಿನಕ್ಕೆ ನಿಮ್ಮ ಸೊಸೆ ಆಡಬಾರದ್ದನ್ನು ಆಡುತ್ತಾಳೆ, ಅದನ್ನು ಮನಸ್ಸಿಗೆ ಹಾಕಿಕೊಳ್ಳಬೇಡಿ, ಸೊಪ್ಪು ಬಿಡಬೇಡಿ ಎನ್ನಬೇಕಾಗಿತ್ತು. ನಾನು ಇನ್ನೂ ಬಾಯಿ ತೆರೆಯುವಷ್ಟರಲ್ಲಿ ಹಿತ್ತಲ ಕಡೆಯ ಸ್ಪೀಕರಿನಲ್ಲಿ ಬಾಗಿಲು ತೆರೆದ ಸದ್ದಾಗಿ, ಮೂವತ್ತು ವರ್ಷದ ಹೆಂಗಸಿನ ಗಡುಸು ದನಿ ಬಂತು.

“ಯಾರ ಜೊತೇಲಿ ಅತ್ತೆ ಮಾತು?”

ಅದು ನಾನು. ಹಿತ್ತಲಿಂದ ಒಳಗೆ ಬಂದು ಹಾಗೆ ಕೇಳಿದ್ದು ನನಗೆ ಸಂಪೂರ್ಣ ಮರೆತುಹೋಗಿತ್ತು.

“ಯಾರೂ ಇಲ್ಲ ಕಣೆ, ತಗಾ, ಈ ಸೊಪ್ಪು ಒಳಗಿಡು” ಎಂದರು ಅತ್ತೆ. ವೇಣಿ “ಅಜ್ಜಿ, ಅಜ್ಜಿ” ಎಂದು ಎರಡು ಸಲ ಕರೆದಳು. ಆ ಕಡೆ ನೀರು ಹುಯ್ದಾಗ ಕೆಂಡ ಚುಂಯ್ ಎಂದ ಸದ್ದು ಬಂತು. ಆಮೇಲೆ ‘ಇದೇನತ್ತೆ ಮಾಡ್ತಿದೀರ’ ಎಂದು ನನ್ನ ಕೂಗಾಟ, ಎಬ್ಬಿಸಿದ ಮಗುವಿನ ಅಳು. ಮಗು ಗಟ್ಟಿಯಾಗಿ ಅಳುತ್ತಿತ್ತು. ವೇಣಿ ನೆಲದ ಮೇಲೆ ಕೂತು ಅದನ್ನು ಕೇಳಿಸಿಕೊಂಡಳು.

ನಾನು ಮುಂಬಾಗಿಲು ತೆರೆದಾಗ ಯಜಮಾನರೂ ಖಲಂದರ್ ಸಾಬರೂ ಜಗಲಿಯಲ್ಲಿ ನಿಂತೇ ಇದ್ದರು. ಅವರಿಬ್ಬರ ಬಾಯಲ್ಲೂ ಎಲೆ ಇತ್ತು. ಸಾಬರು ಗಡಿಯಾರ ನೋಡಿಕೊಂಡು, ಮೂರು ಇಪ್ಪತ್ತು ಆಗಿದೆ, ಈಗ ಹಾಕಿದರೆ ಕರೆಂಟು ಹೋಗುವಷ್ಟರಲ್ಲಿ ಮುಗಿಯುತ್ತದೆ ಎಂದರು. ಯಜಮಾನರು ಎಲೆ ತೆಗೆದು, ಹಾಕಿಬಿಡಿ, ಆಗಬೇಕಾದ್ದು ಆಯಿತಲ್ಲ ಎಂದರು. ಅವರ ಕಣ್ಣು ಒದ್ದೆಯಾಗಿತ್ತು. ಮಗಳನ್ನು ನೋಡುತ್ತಿದ್ದರು. ಸಾಬರು ಒಳಗೆ ಬಂದು ರಿಸೀವರಿನ ಮುಂದೆ ಕುಕ್ಕರಗಾಲಲ್ಲಿ ಕೂತು ಅದರ ಹೊಟ್ಟೆಯ ಮೇಲಿನ ಧೂಳು ಒರೆಸಿದರು. ನೀಲಿ ದೀಪ ಹತ್ತಿತು. ಪೆನ್‌ಡ್ರೈವನ್ನು ತೂತಿನ ಹತ್ತಿರ ಹಿಡಿದು, ಹಾಕಲೇ ಎನ್ನುವಂತೆ ನನ್ನ ಕಡೆ ತಿರುಗಿದರು.

ಒಂದು ಗುಂಡಿ ಒತ್ತಿದರೆ ತ್ರಯೋದಶಿ ಬರುವುದಿಲ್ಲ. ನನ್ನ ಮಗಳು ಅವಳ ತಾಯಿಯ ಬಾಯಿಂದ ಆ ಮಾತು ಕೇಳುವುದಿಲ್ಲ. ಅವಳನ್ನು ಉಳಿಸಿಕೊಂಡವರಿಗೆ ನಾನು ಏನು ಅಂದೆ ಎಂದು ಅವಳಿಗೆ ಗೊತ್ತಾಗುವುದೇ ಇಲ್ಲ. ಆದರೆ ಅತ್ತೆ ಅದನ್ನು ಕೇಳಿದ್ದರು. ಯಾಕೆ ಹೀಗೆ ಮಾಡಿದೆ ಎಂದು ಹೇಳಿದ್ದರೆ ಯಾರೂ ನಂಬುತ್ತಿರಲಿಲ್ಲ ಎಂದು ತಿಳಿದೇ ಕೇಳಿಸಿಕೊಂಡು ಕೂತಿದ್ದರು.

“ಬೇಡ ಅಣ್ಣ, ಅವರು ಕೇಳಿಸ್ಕೊಂಡಿದ್ದನ್ನ ನಾವೂ ಕೇಳ್ಬೇಕು” ಎಂದೆ.

ಯಜಮಾನರು ಅಂಗಳಕ್ಕೆ ಇಳಿದು ಹೋದರು. ಸಾಬರು ಬಲವಂತ ಮಾಡಲಿಲ್ಲ. ನಾಲ್ಕಕ್ಕೆ ಕರೆಂಟು ಹೋಯಿತು. ಸಂಜೆ ಕಂಪನಿಯ ಬಾಗಿಲೂ ಮುಚ್ಚಿತು. ವೇಣಿಯ ಕೆಮ್ಮು ಎರಡು ದಿನ ಇದ್ದು, ಬೇರೆ ಎಲ್ಲರ ನೆಗಡಿ ಬಿಡುವ ಹಾಗೇ ಬಿಟ್ಟಿತು.

ತ್ರಯೋದಶಿಯ ಬೆಳಿಗ್ಗೆ ಹುಳು ಹಣ್ಣಾಗಿ, ಗೂಡು ಕಟ್ಟಲು ಇಡುವ ಬಿದಿರಿನ ಚಂದ್ರಿಕೆಗೆ ಹತ್ತಿದ್ದವು. ಗೂಡು ಕಟ್ಟತೊಡಗಿದ ಮೇಲೆ ಹುಳದ ಕೋಣೆಯಲ್ಲಿ ಮೇಯುವ ಸದ್ದು ಇರುವುದಿಲ್ಲ, ಮನೆ ನಿಶ್ಶಬ್ದವಾಗಿತ್ತು. ಮೂವರೂ ಹಜಾರದಲ್ಲಿ ಕೂತೆವು. ಯಜಮಾನರು ಬರುವುದಿಲ್ಲವೆಂದುಕೊಂಡಿದ್ದೆ, ಬಂದು ಗೋಡೆಗೊರಗಿ ಕೂತರು. ನಾವು ಎಲೆ ಕಚ್ಚಿಕೊಂಡಿರಲಿಲ್ಲ. ಮೊದಲು ನಡುವಿನ ಸ್ಪೀಕರಿನಲ್ಲಿ ಅವರ ದನಿ ಬಂತು, ಮನೆಹಾಳಿ ಎಂಬ ಮಾತು ಬಂತು. ಯಜಮಾನರು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡರು, ಎದ್ದುಹೋಗಲಿಲ್ಲ. ಆಮೇಲೆ ಬಲಗಡೆಯಿಂದ ನನ್ನದು ಬಂತು. ನಾನು ಜ್ಞಾಪಕವಿಟ್ಟುಕೊಂಡಿದ್ದಕ್ಕಿಂತ ಉದ್ದವಾಗಿತ್ತು, ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿತ್ತು. ವೇಣಿ ನನ್ನ ಕಡೆ ನೋಡಲಿಲ್ಲ, ಹಿಂದಿನ ಎಡಮೂಲೆಯನ್ನೇ ನೋಡುತ್ತಿದ್ದಳು.

ನನ್ನ ಮಾತು ಮುಗಿದ ಮೇಲೆ ಅಲ್ಲಿ ಒಂದು ಬಿಡುವು ಇತ್ತು. ಅತ್ತೆ ಏನಾದರೂ ಹೇಳುವುದಿದ್ದರೆ ಹೇಳಬಹುದಾಗಿದ್ದಷ್ಟು ಬಿಡುವು. ಆ ಬಿಡುವಿನಲ್ಲಿ ನಾನು, ತಪ್ಪಾಯ್ತು ಅತ್ತೆ ಎಂದೆ. ಅದು ಅವರಿಗೆ ಮುಟ್ಟುವುದಿಲ್ಲವೆಂದು ಗೊತ್ತಿದ್ದೇ ಎಂದೆ. ಈ ಊರಲ್ಲಿ ಮಾತು ಮುಂದಕ್ಕೇ ಹೋಗುವುದು, ಹಿಂದಕ್ಕೆ ಹೋದದ್ದು ವೇಣಿಯ ದನಿಯೊಂದೇ. ನನ್ನದು ಹನ್ನೆರಡು ವರ್ಷ ನಡೆದು, ಆಗ ಈ ಹಜಾರದಲ್ಲಿ ಯಾರು ಕೂತಿರುತ್ತಾರೋ ಅವರ ಕಿವಿಗೆ ಬೀಳುತ್ತದೆ. ಕೊಡಬೇಕಾದವರಿಗೆ ಕೊಟ್ಟ ಹಾಗಾಗಲಿಲ್ಲ.

ಮೂಲೆಯಲ್ಲಿ ಸೀರೆಯ ಸರಬರ ಕೇಳಿತು. ಆಮೇಲೆ ಸೊಪ್ಪು ಹೆಚ್ಚುವ ಕತ್ತಿಯನ್ನು ಮಣೆಯ ಮೇಲೆ, ಮಲಗಿದ ಮಗು ಏಳಬಾರದೆನ್ನುವಷ್ಟು ಮೆಲ್ಲಗೆ ಇಟ್ಟ ಸದ್ದು ಬಂತು.